ನಟ್ಟಿನ ಮೇಲಿನ ಮೂರು ಗೆರೆ

ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಇದನ್ನು ಓದುವವರು ಕೊನೆಗೆ ನಾನು ಹಣೆ ತುಂಬ ವಿಭೂತಿ ಬಳಿದುಕೊಂಡು ಕೈಮುಗಿದು ನಿಲ್ಲುತ್ತೇನೆ ಅಂತ ಕಾಯುತ್ತ ಕೂತಾರು. ಆ ಆಸೆ ಬೇಡ. ನಾನು ಅವತ್ತೂ ನಂಬುತ್ತಿರಲಿಲ್ಲ, ಇವತ್ತೂ ನಂಬುವುದಿಲ್ಲ. ಅಮಾವಾಸ್ಯೆಯ ದಿನ ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟರೆ ಬ್ರೇಕು ಚೆನ್ನಾಗಿ ಹಿಡಿಯುತ್ತದೆ ಅನ್ನುವವರು ಸಿಕ್ಕರೆ ಇವತ್ತಿಗೂ ಕುರ್ಚಿ ಎಳೆದುಕೊಂಡು ವಾದಕ್ಕೆ ಕೂರುತ್ತೇನೆ. ಈ ಬರಹದಲ್ಲಿ ನನಗೆ ನಾಚಿಕೆ ಇರುವ ಜಾಗ ಬೇರೆ.

ನಮ್ಮಪ್ಪನದು ಒಂದು ಹಳೆಯ ಜೀಪು. ನಾಲ್ಕು ಚಕ್ರಕ್ಕೂ ಇಂಜಿನ್ನಿನ ಬಲ ಹೋಗುವಂಥದ್ದು. ಹೊಸದುರ್ಗದ ಕಡೆ ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರಗಳಿವೆಯಲ್ಲ, ನಮ್ಮ ಕಡೆ ಅವನ್ನು ಫ್ಯಾನು ಅನ್ನುತ್ತಾರೆ, ಅವುಗಳ ರಿಪೇರಿಯವರನ್ನು ದಿನಾ ಬೆಳಿಗ್ಗೆ ಮೇಲಕ್ಕೆ ಹತ್ತಿಸಿ ಸಂಜೆ ಇಳಿಸುವುದು ಅಪ್ಪನ ಕೆಲಸ. ಹಾಗೆ ಹತ್ತಿಸುವ ಜೀಪುಗಳು ಹೊಳಲ್ಕೆರೆಯಲ್ಲಿ ಆರೇಳು ಇದ್ದವು. ಆ ದಾರಿ ದಾರಿಯಲ್ಲ, ಕಲ್ಲಿನ ರಾಶಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಏನೂ ಇಲ್ಲ. ಆರೇಳು ಜೀಪುಗಳಿಗೂ ಮುಂದಿನ ಚಕ್ರದ ಹಬ್ ಬಿಚ್ಚಿ ಗ್ರೀಸ್ ತುಂಬಿ ಮುಚ್ಚುತ್ತಿದ್ದವರು ಒಬ್ಬರೇ. ಹೊಸದುರ್ಗ ರಸ್ತೆಯಲ್ಲಿ, ಮೆಣಸಿನಕಾಯಿ ಮಂಡಕ್ಕಿ ಅಂಗಡಿಯ ಪಕ್ಕದಲ್ಲಿ, ತಗಡಿನ ಶೆಡ್ಡಿನ ಕೆಳಗೆ ಒಬ್ಬರೇ ಕೆಲಸ ಮಾಡುವ ಅರವತ್ತರ ಆಸುಪಾಸಿನ ಮನುಷ್ಯ. ಎಲ್ಲರೂ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ಹಬ್ ಅಂದರೆ ಎತ್ತಿನ ಗಾಡಿಯ ಚಕ್ರಕ್ಕೆ ನಡುವೆ ಗುಂಬ ಇರುತ್ತದಲ್ಲ, ಅದೇ. ಚಕ್ರ ಅದಕ್ಕೆ ಅಂಟಿಕೊಂಡಿರುತ್ತದೆ, ಅದರೊಳಗೆ ಬೇರಿಂಗು, ಬೇರಿಂಗಿನೊಳಗೆ ಆಕ್ಸಲಿನ ತುದಿ. ಅಷ್ಟನ್ನೂ ಹೊರಗೆ ಬಾರದಂತೆ ಹಿಡಿದಿರುವುದು ಅಂಗೈ ಅಗಲದ ಎರಡು ನಟ್ಟು, ಅವುಗಳ ನಡುವೆ ಒಂದು ತೆಳ್ಳನೆಯ ವಾಷರು. ವಾಷರಿಗೆ ಕಿವಿಗಳಿರುತ್ತವೆ. ನಟ್ಟು ಬಿಗಿ ಮಾಡಿದ ಮೇಲೆ ಆ ಕಿವಿಯನ್ನು ನಟ್ಟಿನ ಮೇಲೆ ಮಡಿಸಬೇಕು, ನಟ್ಟು ತಾನಾಗಿ ತಿರುಗದ ಹಾಗೆ. ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ. ನನಗೆ ಇಷ್ಟು ಗೊತ್ತಿತ್ತು ಅನ್ನುವುದೇ ಇಲ್ಲಿಯ ತೊಂದರೆ.

ನಾನು ಆಗ ಚಿತ್ರದುರ್ಗದಲ್ಲಿ ಕಾನೂನು ಓದುತ್ತಿದ್ದೆ. ಓದಿಗಿಂತ ಚರ್ಚಾಸ್ಪರ್ಧೆಗೇ ಹೆಚ್ಚು ಓಡಾಡುತ್ತಿದ್ದೆ. ಸ್ಪರ್ಧೆಯಲ್ಲಿ ಪರವೋ ವಿರೋಧವೋ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಚೀಟಿ ಬಿಡಿಸುವ ತನಕ ನನಗೆ ಆ ವಿಷಯದಲ್ಲಿ ಅಭಿಪ್ರಾಯವೇ ಇರುತ್ತಿರಲಿಲ್ಲ, ಬಿಡಿಸಿದ ಮರುಕ್ಷಣ ಅದಕ್ಕಾಗಿ ಪ್ರಾಣ ಬಿಡುವಷ್ಟು ನಂಬಿಕೆ ಬಂದುಬಿಡುತ್ತಿತ್ತು. ಇದನ್ನು ನಾನು ಪ್ರತಿಭೆ ಅಂದುಕೊಂಡಿದ್ದೆ. ಮನೆಯಲ್ಲಿ ಗೆದ್ದ ಕಪ್ಪುಗಳು ಸಾಲಾಗಿದ್ದವು. ಅಪ್ಪ ಅವನ್ನು ಒರೆಸಿ ಒರೆಸಿ ಇಡುತ್ತಿದ್ದ.

ಪರೀಕ್ಷೆಯ ರಜೆಗೆ ಬಂದಿದ್ದಾಗ ಒಂದು ದಿನ ಅಪ್ಪನ ಜೊತೆ ಮೇಸ್ತ್ರಿಯ ಶೆಡ್ಡಿಗೆ ಹೋದೆ. ಎಡಗಡೆಯ ಮುಂದಿನ ಹಬ್ಬಿಗೆ ಗ್ರೀಸ್ ಆಗಬೇಕಿತ್ತು. ಮೇಸ್ತ್ರಿ ಮೊದಲು ನೆಲದ ಮೇಲೆ ಒದ್ದೆ ಗೋಣಿಚೀಲ ಹಾಸಿ, ಬಿಚ್ಚಿದ ಒಂದೊಂದು ಸಾಮಾನನ್ನೂ ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಇಡುತ್ತ ಹೋದರು. ಆರು ಬೋಲ್ಟು, ಕ್ಯಾಪು, ನಟ್ಟು, ವಾಷರು, ಇನ್ನೊಂದು ನಟ್ಟು, ಬೇರಿಂಗು. ಕೊನೆಗೆ ಚಕ್ರ ಕಳಚಿ, ಹಬ್ಬನ್ನು ಎರಡೂ ಕೈಯಲ್ಲಿ ಎಳೆದು ಮಡಿಲಿಗೆ ತೆಗೆದುಕೊಂಡರು. ಸೀಮೆಎಣ್ಣೆಯಲ್ಲಿ ತೊಳೆದದ್ದಾಯಿತು, ಹೊಸ ಗ್ರೀಸನ್ನು ಅಂಗೈಯಲ್ಲಿ ಹಾಕಿಕೊಂಡು ಬೇರಿಂಗಿನ ಸಂದುಸಂದಿಗೆ ಒತ್ತಿದ್ದಾಯಿತು. ಹಬ್ಬು, ಚಕ್ರ ಮತ್ತೆ ಜೋಡಿಸುವಾಗ ಅಪ್ಪ ಎದ್ದು ಹೋಗಿ ಚಕ್ರ ಹಿಡಿದ.

"ತಿರುಗ್ಸು. ನಿಲ್ಲಿಸ್ಬ್ಯಾಡ" ಅಂದರು ಮೇಸ್ತ್ರಿ.

ಅಪ್ಪ ಚಕ್ರ ತಿರುಗಿಸುತ್ತಲೇ ಇದ್ದ, ಮೇಸ್ತ್ರಿ ಕೊಳವೆಯಂಥ ಉದ್ದನೆಯ ಪಾನಾ ಹಾಕಿ ನಟ್ಟು ಬಿಗಿ ಮಾಡುತ್ತಲೇ ಇದ್ದರು. ಬಾಯಲ್ಲಿ ಎಣಿಕೆ. ಇಪ್ಪತ್ತೊಂದಕ್ಕೆ ನಿಲ್ಲಿಸಿ, ನಟ್ಟನ್ನು ಒಂಚೂರು ಹಿಂದಕ್ಕೆ ಬಿಟ್ಟು, ವಾಷರು, ಎರಡನೆಯ ನಟ್ಟು, ಕಿವಿ ಮಡಿಸುವುದು ಎಲ್ಲ ಮುಗಿಸಿದರು. ಆಮೇಲೆ ಒಂದು ಸಣ್ಣ ಡಬ್ಬಿ ತೆಗೆದರು. ವಿಭೂತಿ! ಅದಕ್ಕೆ ಎರಡು ತೊಟ್ಟು ವಾರ್ನಿಷ್ ಬಿಟ್ಟು ಕಲಸಿ, ಪೆಟ್ರೋಲಿನಲ್ಲಿ ಒರೆಸಿದ ನಟ್ಟಿನ ಮುಖದ ಮೇಲೆ ಮೂರು ಬೆರಳಲ್ಲಿ ಮೂರು ಗೆರೆ ಎಳೆದರು. ಆಕ್ಸಲಿನ ತುದಿಯಿಂದ ಶುರುವಾಗಿ, ನಟ್ಟಿನ ಮೇಲೆ ಹಾದು, ಮಡಿಸಿದ ಕಿವಿಯ ತನಕ.

"ಏನ್ ಮೇಸ್ತ್ರಿ, ಜೀಪಿಗೂ ದೀಕ್ಷೆ ಕೊಡ್ತೀರಾ?" ಅಂದೆ.

"ನಿಮ್ಮಪ್ಪನ ಗಾಡಿಗೆ ಎಷ್ಟು ವರ್ಷದಿಂದ ಎಳೀತಿದೀನಿ ಕೇಳವ್ವ."

"ಇಪ್ಪತ್ತೊಂದು ಸುತ್ತು ಪ್ರದಕ್ಷಿಣೆ, ಆಮೇಲೆ ವಿಭೂತಿ. ಮಂಗಳಾರತಿ ಒಂದು ಬಾಕಿ."

ಪಕ್ಕದ ಅಂಗಡಿಯ ಬೆಂಚಿನ ಮೇಲಿದ್ದ ಜೀಪಿನ ಡ್ರೈವರುಗಳು ನಕ್ಕರು. ಮೇಸ್ತ್ರಿಯೂ ನಕ್ಕರು. ಒಳ್ಳೆಯ ನಗು. ಯಾಕೆ ಗೆರೆ ಎಳೆಯುತ್ತೀರಿ ಅಂತ ಕೇಳಿದ್ದರೆ ಖಂಡಿತ ಹೇಳುತ್ತಿದ್ದರು. ನಾನು ಕೇಳಿದ್ದು ಪ್ರಶ್ನೆಯ ಹಾಗಿತ್ತೇ ಹೊರತು ನನಗೆ ಉತ್ತರ ಬೇಕಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ತಿಂಗಳಿಗೊಮ್ಮೆ ಜೀಪು ಬಂದಾಗ ಅವರು ಕ್ಯಾಪ್ ಬಿಚ್ಚಿ, ಟಾರ್ಚ್ ಬಿಟ್ಟು ಒಳಗೆ ಇಣುಕಿ, "ಹ್ಞೂಂ, ಹೋಗ್ಬಾ" ಅಂದು ಮುಚ್ಚುತ್ತಿದ್ದರು. ಅದಕ್ಕೆ ನಾನು 'ದರ್ಶನ' ಅಂತ ಹೆಸರಿಟ್ಟಿದ್ದೆ.

ಮನೆಗೆ ಬರುವಾಗ ಅಪ್ಪ ಹೇಳಿದ: "ನಗ್ಯಾಡು, ಆದ್ರೆ ಮೇಸ್ತ್ರಿ ಗೆರೆ ಎಳೆದ ಮ್ಯಾಲೆ ಅದನ್ನ ಯಾರೂ ಮುಟ್ಟಂಗಿಲ್ಲ."

ಮುಟ್ಟಂಗಿಲ್ಲ. ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಆಹ್ವಾನ ಬೇಕೇ?

ಅದೇ ವಾರ ಅಪ್ಪ ಅಮ್ಮ ಇಬ್ಬರೂ ಸಂಬಂಧಿಕರ ಮನೆಯ ನಾಮಕರಣಕ್ಕೆ ಹರಿಯಬ್ಬೆಗೆ ಹೋದರು. ಎರಡು ದಿನ ಜೀಪು ಮನೆ ಮುಂದೆ ಸುಮ್ಮನೆ ನಿಂತಿತ್ತು. ನಾನು ಬೆಳಿಗ್ಗೆ ತಿಂಡಿ ತಿಂದು, ಮೊಬೈಲಿಗೆ ಜೀಪಿನ ಕೈಪಿಡಿ ಇಳಿಸಿಕೊಂಡು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಜಾಕಿ ಹಾಕಿದೆ. ಆರು ಬೋಲ್ಟು ಸಲೀಸಾಗಿ ಬಂದವು. ಕ್ಯಾಪ್ ತೆಗೆದರೆ ಒಳಗೆ ಕಪ್ಪು ಗ್ರೀಸಿನ ನಡುವೆ ಬೆಳ್ಳಗೆ ಮೂರು ಗೆರೆ. ಫೋಟೋ ತೆಗೆದೆ. ಕಾಲೇಜಿನ ಚರ್ಚಾಕೂಟದ ಗುಂಪಿಗೆ ಹಾಕಿ, 'ನಾಲ್ಕು ಚಕ್ರಕ್ಕೆ ಇಂಜಿನ್ನಿನ ಬಲ, ಐದನೆಯದು ದೈವಬಲ' ಎಂದು ಬರೆದೆ. ನಗುವ ಮುಖಗಳು ಸಾಲುಗಟ್ಟಿ ಬಂದವು. ಒಬ್ಬ ಗೆಳತಿ, 'ಒರೆಸಿ ನೋಡೇ, ಚಕ್ರ ಬಿದ್ದರೆ ದೇವರಿದ್ದಾನೆ' ಎಂದಳು. ಸೀಮೆಎಣ್ಣೆ ಬಟ್ಟೆ ತಗೊಂಡು ಒರೆಸಿದೆ.

ಅಷ್ಟಕ್ಕೇ ಕ್ಯಾಪ್ ಮುಚ್ಚಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಕೈ ಆಡಿತ್ತು. ಹಬ್ಬನ್ನು ಪೂರ್ತಿ ಬಿಚ್ಚಿ ಜೋಡಿಸಿ, ಈ ಕೆಲಸಕ್ಕೆ ಪ್ರದಕ್ಷಿಣೆಯೂ ಬೇಡ ಮೇಸ್ತ್ರಿಯೂ ಬೇಡ ಅಂತ ಗುಂಪಿಗೆ ತೋರಿಸಬೇಕು ಅನ್ನಿಸಿತು. ಮೇಸ್ತ್ರಿಯ ಹತ್ತಿರ ಇದ್ದಂಥ ಕೊಳವೆ ಪಾನಾ ನಮ್ಮಲ್ಲಿರಲಿಲ್ಲ. ಉಳಿಯನ್ನು ನಟ್ಟಿನ ಅಂಚಿಗೆ ಕೊಟ್ಟು ಸುತ್ತಿಗೆಯಲ್ಲಿ ಬಡಿದೆ. ಅದಕ್ಕೆ ಮೊದಲು ಮಡಿಸಿದ ಕಿವಿಯನ್ನು ಎಬ್ಬಿಸಿದ್ದೆ. ಎಲ್ಲವೂ ಬಂತು. ಬೇರಿಂಗು ಕೈಗೆ ಬಂತು, ಚಕ್ರ ಕಳಚಿದ ಮೇಲೆ ಹಬ್ಬು ಜಾರಿ ಮಡಿಲಿಗೆ ಬಂತು. ಗಾಡಿಯ ಹೊಟ್ಟೆಯೊಳಗಿನದನ್ನು ಮಡಿಲಲ್ಲಿಟ್ಟುಕೊಂಡು ಕೂತ ಆ ಹತ್ತು ನಿಮಿಷ ನಾನು ನಿಜಕ್ಕೂ ಖುಷಿಯಾಗಿದ್ದೆ, ಸುಳ್ಳು ಹೇಳುವುದಿಲ್ಲ.

ಜೋಡಿಸುವಾಗ ಒಂದು ಕೈಯಲ್ಲಿ ಉಳಿ, ಇನ್ನೊಂದರಲ್ಲಿ ಸುತ್ತಿಗೆ. ಚಕ್ರ ತಿರುಗಿಸಲು ಮೂರನೆಯ ಕೈ ಇರಲಿಲ್ಲ. ಇರಲಿ, ಪ್ರದಕ್ಷಿಣೆ ತಾನೇ. ಬಿಗಿ ಮಾಡಿದೆ, ಸಾಕಷ್ಟು ಬಿಗಿ ಅನ್ನಿಸಿತು. ವಾಷರಿನ ಕಿವಿಯನ್ನು ಮತ್ತೆ ಮಡಿಸುವಾಗ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಕಂಡಿತು ಅನ್ನುವುದನ್ನು ಇಲ್ಲಿ ಒತ್ತಿ ಬರೆಯುತ್ತಿದ್ದೇನೆ. ನೋಡಿದೆ, ಇಷ್ಟು ಸಾಕು ಅಂದುಕೊಂಡೆ, ಕ್ಯಾಪ್ ಮುಚ್ಚಿದೆ. ಚಕ್ರ ತಿರುಗಿಸುತ್ತಲೇ ನಟ್ಟು ಬಿಗಿ ಮಾಡಬೇಕು, ಇಲ್ಲವಾದರೆ ಬೇರಿಂಗಿನ ಉರುಳೆಗಳು ತಮ್ಮ ಜಾಗದಲ್ಲಿ ಕೂರುವುದಿಲ್ಲ, ಆಮೇಲೆ ಕೂತಾಗ ನಟ್ಟು ಸಡಿಲವಾಗುತ್ತದೆ ಎಂದು ಆ ಕೈಪಿಡಿಯಲ್ಲೂ ಇತ್ತು. ನಾನು ಮೇಲಕ್ಕೆ ಸರಿಸಿಬಿಟ್ಟ ಪುಟದಲ್ಲಿ. ಕಿವಿ ಮಡಿಸಿದ ವಾಷರನ್ನು ಎರಡನೆಯ ಸಲ ಬಳಸಬಾರದು ಅಂತಲೂ ಇತ್ತು.

ಅಪ್ಪ ಬಂದ ಐದನೆಯ ದಿನ, ನಾಲ್ವರು ರಿಪೇರಿಯವರನ್ನು ಕೂರಿಸಿಕೊಂಡು ಗುಡ್ಡ ಇಳಿಯುತ್ತಿದ್ದಾಗ ಸ್ಟೇರಿಂಗು ನಡುಗತೊಡಗಿತು. ಮೊದಲು ಕಲ್ಲಿಗೆ ಅಂದುಕೊಂಡನಂತೆ. ಆಮೇಲೆ ಸುಟ್ಟ ಗ್ರೀಸಿನ ವಾಸನೆ. ಏನೂ ಇಲ್ಲದ ಆ ಬದಿಗೆ ಗಾಡಿ ಎಳೆಯತೊಡಗಿದಾಗ ಅಪ್ಪ ಸ್ಟೇರಿಂಗು ಒತ್ತಿ ಹಿಡಿದು ಗುಡ್ಡದ ಮೈಗೆ ಜೀಪನ್ನು ಉಜ್ಜಿ ನಿಲ್ಲಿಸಿದ. ಎಡಗಡೆಯ ಚಕ್ರ ಮೇಲ್ಭಾಗ ಒಳಗೆ, ಕೆಳಭಾಗ ಹೊರಗೆ ಆಗಿ ನಿಂತಿತ್ತಂತೆ. ಯಾರಿಗೂ ಏನೂ ಆಗಲಿಲ್ಲ. ಐದು ಜನ ಇಳಿದು ಕಲ್ಲಿನ ಮೇಲೆ ಕೂತಿದ್ದರಂತೆ.

ಮೇಸ್ತ್ರಿ ಇನ್ನೊಬ್ಬರ ಜೀಪಿನಲ್ಲಿ ಗುಡ್ಡ ಹತ್ತಿ ಹೋಗಿ, ಕತ್ತಲಲ್ಲಿ ಒಳಗೆ ಸರಿಯಾಗಿ ನೋಡಲಾಗದೆ ನಟ್ಟನ್ನು ಕೈಯಂದಾಜಿನಲ್ಲೇ ಬಿಗಿ ಮಾಡಿ, ಮೆಲ್ಲಗೆ ಇಳಿಸಿಕೊಂಡು ಬಂದರು. ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ ಬಿಚ್ಚುವುದು ಅಂತಾಯಿತು. ಎಲ್ಲ ಜೀಪಿನವರೂ ಬಂದಿದ್ದರು. ಬರದೆ ಏನು ಮಾಡುತ್ತಾರೆ? ಅವರೆಲ್ಲರ ಚಕ್ರಗಳೂ ಇದೇ ಕೈಯಿಂದ ಬಿಗಿಯಾದಂಥವು. ನಾನೂ ಅಪ್ಪನ ಹಿಂದೆ ಹೋದೆ. ಅಲ್ಲಿಯ ತನಕ, ನಂಬಿ, ನನಗೆ ಅದು ನನ್ನಿಂದ ಆದದ್ದು ಅನ್ನಿಸಿರಲಿಲ್ಲ. ಕೆಟ್ಟ ದಾರಿ, ಹಳೇ ಗಾಡಿ, ಏನೋ ಆಗಿದೆ ಅಂದುಕೊಂಡಿದ್ದೆ.

ಮೇಸ್ತ್ರಿ ಗೋಣಿಚೀಲ ಹಾಸಿದರು. ಕ್ಯಾಪ್ ಬಂತು. ಟಾರ್ಚ್ ಬಿಟ್ಟು ನೋಡಿದವರು ಹಾಗೇ ನಿಂತರು.

"ಗೆರೆ ಎಲ್ಲಿ?"

ಟಾರ್ಚನ್ನು ಇನ್ನೂ ಹತ್ತಿರಕ್ಕೆ ಒಯ್ದು ನಟ್ಟಿನ ಮೇಲೆ ಬೆರಳು ಆಡಿಸಿದರು.

"ಗೆರೆ ಇದ್ದಿದ್ರೆ ಗೊತ್ತಾಗ್ತಿತ್ತು ನಟ್ಟು ತಿರುಗೈತೋ ಇಲ್ಲೋ ಅಂತ. ತಿರುಗಿದ್ರೆ ಗೆರೆ ಮುರೀತದೆ. ಮುರಿದ ಗೆರೆನಾದ್ರೂ ಇರ್ಬೇಕಲ್ಲ? ಒರೆಸ್ಯಾರೆ ಇದನ್ನ." ನಟ್ಟನ್ನು ಬಿಚ್ಚಿ ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿದರು. "ಇಲ್ನೋಡ್ರಿ, ಉಳಿ ಏಟು. ನಾನು ಪಾನಾ ಹಾಕಾನು. ಈ ಏಟು ನಂದಲ್ಲ."

ಆಗ ಗೊತ್ತಾಯಿತು. ಎಲ್ಲವೂ ಒಂದೇ ಸಲಕ್ಕೆ. ಗೆರೆ ಯಾಕೆ, ದರ್ಶನ ಯಾಕೆ, ಮುಟ್ಟಂಗಿಲ್ಲ ಅಂದದ್ದು ಯಾಕೆ. ನಟ್ಟಿನ ಅಂಚಿನಲ್ಲಿ ನನ್ನ ಉಳಿಯ ಗುರುತುಗಳು ಬಿಸಿಲಿಗೆ ಮಿರಮಿರ ಹೊಳೆಯುತ್ತಿದ್ದವು. ಮೇಸ್ತ್ರಿ ಅಪ್ಪನ ಕಡೆ ತಿರುಗಿದರು.

"ಯಾರಿಗೆ ತೋರ್ಸಿದ್ಯಪ್ಪ ಗಾಡಿನ? ಬ್ಯಾರೆ ಯಾರಾದ್ರೂ ಮುಟ್ಟಿದ್ರಾ?"

ಅಪ್ಪ ತಲೆ ಆಡಿಸಿದ. "ಯಾರೂ ಇಲ್ಲ ಕಣೋ. ಮನೆ ಮುಂದೇನೇ ಇತ್ತು."

ಈಗ ನಾನು ಬಾಯಿ ಬಿಡಬೇಕಾದ ಜಾಗ. ಬಿಟ್ಟೆ. ಆದರೆ ಆ ಕ್ಷಣದಲ್ಲಿ ನನ್ನೊಳಗೆ ಯಾರೋ ಚೀಟಿ ಬಿಡಿಸಿದ ಹಾಗಾಯಿತು.

"ಮೇಸ್ತ್ರಿ, ಏಟು ನಿಮ್ಮದಲ್ಲ ಅಂತ ಕಬ್ಬಿಣ ಹೇಳ್ತಾ? ಆ ಗೋಡೆ ಮೇಲೆ ನೇತಾಡ್ತಿರೋದೇನು?"

ಎಲ್ಲರೂ ತಿರುಗಿ ನೋಡಿದರು. ಗೋಡೆಯ ಮೊಳೆಯಲ್ಲಿ ಒಂದು ಉಳಿ ಇತ್ತು.

"ಅದು ಕಿವಿ ಮಡಿಚಾಕೆ ಇಟ್ಟಿರೋದು ಕಣವ್ವ..."

"ಉಳಿ ಇದೆ ಅಂತ ಒಪ್ಪಿದಿರಿ. ಗೆರೆ ಎಳೆದವರು ನೀವು, ಗೆರೆ ಇತ್ತು ಅನ್ನೋದಕ್ಕೆ ನಿಮ್ಮ ಮಾತು ಬಿಟ್ಟು ಬೇರೆ ಸಾಕ್ಷಿ ಇದೆಯಾ?"

"ನಿಮ್ಮಪ್ಪ ನೋಡ್ಯಾನೆ. ನೀನೂ ಇದ್ದೆ ಅವತ್ತು."

"ಅವತ್ತು ಇತ್ತು. ಇಷ್ಟು ದಿನದಲ್ಲಿ ಗ್ರೀಸಿನ ಬಿಸಿಗೆ ಕರಗಿ ಹೋಗಿಲ್ಲ ಅಂತ ಹೇಗೆ ಹೇಳ್ತೀರಿ? ದೇವರು ಕಾಯೋ ನಟ್ಟು ಒಂದು ಬಟ್ಟೆಯಲ್ಲಿ ಒರೆಸಿದರೆ ಸಡಿಲ ಆಗುತ್ತೆ ಅಂದ್ರೆ ಅದೆಂಥ ಕಾವಲು? ಇದು ಭಸ್ಮದ ಗ್ಯಾರಂಟಿ ಅಷ್ಟೇ. ಒರೆಸಿದರೆ ಮುಗೀತು."

ನಗು ಬಂತು. ಹಿಂದಿನ ದಿನದ ಭಯವೆಲ್ಲ ಅದರಲ್ಲಿ ಹೊರಗೆ ಬಂತೇನೋ, ಜೋರಾಗಿಯೇ ಬಂತು. ಒಬ್ಬ ಡ್ರೈವರು ತೊಡೆ ತಟ್ಟಿ, "ಲೇ, ಭಸ್ಮದ ಗ್ಯಾರಂಟಿ ಅಂತೆ!" ಅಂದ. ನಾನು ಹೇಳಿದ್ದರಲ್ಲಿ ಒಂದೂ ನೇರ ಸುಳ್ಳಿರಲಿಲ್ಲ ಎನ್ನುವುದನ್ನು ಗಮನಿಸಿ. ಬಹುಪಾಲು ಪ್ರಶ್ನೆಗಳು. ಪ್ರಶ್ನೆ ಸುಳ್ಳಾಗುವುದಿಲ್ಲ ಅಂತ ನಮಗೆ ಕಲಿಸಿದ್ದರು. ಕಲಿಸಿದವರ ಮೇಲೆ ಹಾಕುತ್ತಿಲ್ಲ, ಕಲಿತವಳು ನಾನು.

ಮೇಸ್ತ್ರಿ ನಟ್ಟನ್ನು ಗೋಣಿಚೀಲದ ಮೇಲೆ ಇಟ್ಟರು. ಅವರಿಗೆ ಕೈಯಲ್ಲಿ ತೋರಿಸಿ ಗೊತ್ತಿತ್ತು, ಬಾಯಲ್ಲಿ ಗೆದ್ದು ಗೊತ್ತಿರಲಿಲ್ಲ. ಕೂತು, ಹೊಸ ವಾಷರು ಹಾಕಿ, ಹಬ್ಬನ್ನು ಮತ್ತೆ ಜೋಡಿಸಿದರು. ಅಪ್ಪ ಚಕ್ರ ತಿರುಗಿಸಿದ. ಎಣಿಕೆ ಕೇಳಿಸಲಿಲ್ಲ. ಡಬ್ಬಿ ತೆಗೆಯಲಿಲ್ಲ. "ತಗೊಂಡೋಗ್ರಿ" ಅಂದರು, ಅಷ್ಟೇ. ಅಪ್ಪನಿಗೆ ಅವರು ಯಾವತ್ತೂ 'ಹೋಗ್ರಿ' ಅಂದವರಲ್ಲ. ಒಬ್ಬರನ್ನೊಬ್ಬರು ಲೇ ಅನ್ನುತ್ತಿದ್ದವರು.

ದಾರಿಯಲ್ಲಿ ಅಪ್ಪ ಒಂದೇ ಮಾತು ಹೇಳಿದ. "ನೀನು ಗೆದ್ದೆ ಬಿಡವ್ವ." ಹೊಗಳಿಕೆಯೋ ಇನ್ನೇನೋ ತಿಳಿಯಲಿಲ್ಲ. ಕೇಳಲೂ ಇಲ್ಲ.

ನಾನು ಚಿತ್ರದುರ್ಗಕ್ಕೆ ವಾಪಸು ಹೋದೆ. ಒಂದು ತಿಂಗಳು ಬಿಟ್ಟು ಮನೆಗೆ ಬರುವ ಬಸ್ಸಿನಲ್ಲಿ, ಹಿಂದಿನ ಸೀಟಿನಲ್ಲಿದ್ದ ಇಬ್ಬರು ಟ್ರ್ಯಾಕ್ಟರ್ ಕೊಳ್ಳುವ ಮಾತಾಡುತ್ತಿದ್ದರು. ಭೀಮಸಮುದ್ರದ ಕಡೆಯವರು ಅನ್ನಿಸಿತು. "ವಾರಂಟಿ ಐತಂತಾ?" ಅಂದ ಒಬ್ಬ. "ಐತೆ, ಭಸ್ಮದ ಗ್ಯಾರಂಟಿ!" ಅಂದ ಇನ್ನೊಬ್ಬ. ಇಬ್ಬರೂ ನಕ್ಕರು. ನನ್ನ ಮಾತು ನನಗಿಂತ ಮೊದಲೇ ಊರು ಸುತ್ತಿತ್ತು. ಯಾವ ಸ್ಪರ್ಧೆಯ ಮಾತೂ ಸಭಾಂಗಣದ ಬಾಗಿಲು ದಾಟಿದ್ದಿಲ್ಲ, ಇದೊಂದು ದಾಟಿತ್ತು.

ಆರೇಳು ಜೀಪಿನವರಲ್ಲಿ ನಾಲ್ವರು ಹಬ್ ಕೆಲಸಕ್ಕೆ ಚಿತ್ರದುರ್ಗದ ಬೇರೆ ಅಂಗಡಿಗೆ ಹೋಗತೊಡಗಿದ್ದಾರೆ ಅನ್ನುವುದು ಮನೆಗೆ ಬಂದ ಮೇಲೆ ತಿಳಿಯಿತು. ಅಪ್ಪ ಮಾತ್ರ ಮೇಸ್ತ್ರಿಯ ಹತ್ತಿರವೇ ಹೋಗುತ್ತಿದ್ದ. ಅವತ್ತು ಸಂಜೆ ಅಲ್ಲಿಂದಲೇ ಬಂದವನು ಚಪ್ಪಲಿ ಬಿಡುವ ಮೊದಲೇ ಮೊಬೈಲನ್ನು ನನ್ನ ಮುಂದೆ ಹಿಡಿದ.

"ಇದನ್ನ ಎಲ್ಲಾದ್ರೂ ಭದ್ರವಾಗಿ ಇಟ್ಟುಕೊಡು. ಅಳಿಸಿ ಹೋಗ್ಬಾರದಂತೆ."

ಒಂದು ಅಲುಗಾಡಿದ ಫೋಟೋ. ಅರ್ಧ ನಟ್ಟು, ಅರ್ಧ ಮೇಸ್ತ್ರಿಯ ಹೆಬ್ಬೆರಳು.

"ಏನಪ್ಪಾ ಇದು?"

"ಮೇಸ್ತ್ರಿ ಈಗ ಎಲ್ರಿಗೂ ಹಿಂಗೇ ಮಾಡ್ತಾನೆ. ಬಿಗಿ ಮಾಡಿದ ಮ್ಯಾಲೆ 'ನಿಮ್ಮ ಫೋನ್ನಾಗೆ ಫೋಟೋ ಹೊಡ್ಕಳ್ರಿ, ನಾಳೆ ಸಾಕ್ಷಿ ಬೇಕಾಗ್ತದೆ' ಅಂತಾನೆ. ನಂಗೂ ಅಂದ. ನಂಗೂ ಹೇಳ್ಬೇಕೇನೋ ಅಂದೆ. ಎಲ್ರಿಗೂ ಒಂದೇ ಕಾನೂನು ಅಂದ." ಅಪ್ಪ ಗೋಡೆಗೆ ಒರಗಿ ಕೂತ. "ನಂಗೆ ಫೋಟೋ ಹೊಡಿಯಾಕೆ ಬರಲ್ಲ ಅಂತ ಅವನಿಗೆ ಗೊತ್ತಿಲ್ವಾ? ಗೊತ್ತೈತೆ. ಒತ್ತಿದೆ, ಹೆಂಗೆಂಗೋ ಬಂತು."

ಅಪ್ಪನ ಫೋನಿನಿಂದ ಆ ಫೋಟೋವನ್ನು ನನ್ನ ಫೋನಿಗೆ ಕಳಿಸಿಕೊಂಡೆ. ಅದನ್ನು ಇಡಲು ಜಾಗ ಹುಡುಕುತ್ತ ಹಿಂದಕ್ಕೆ ಸರಿಸುತ್ತ ಹೋದೆ. ಕಪ್ಪು ಗ್ರೀಸು, ಬಿಳಿ ಗೆರೆ. ನಾನೇ ತೆಗೆದದ್ದು. ಅಲುಗಾಡಿರಲಿಲ್ಲ. ಮೂರು ಗೆರೆಯೂ ಮುರಿಯದೆ ಇತ್ತು, ಕಿವಿ ಸರಿಯಾಗಿ ಮಡಿಸಿತ್ತು, ನಟ್ಟಿನ ಅಂಚಿನಲ್ಲಿ ಒಂದು ಉಳಿ ಏಟೂ ಇರಲಿಲ್ಲ. ಕೆಳಗೆ ದಿನ, ಗಂಟೆ, ನಿಮಿಷ. ಅಪ್ಪ ಹರಿಯಬ್ಬೆಯಲ್ಲಿದ್ದ ದಿನ. ನಮ್ಮ ಮನೆ ಮುಂದಿನ ತುಳಸಿಕಟ್ಟೆಯ ಮೂಲೆ ಕೂಡ ಬಿದ್ದಿತ್ತು. ಮೇಸ್ತ್ರಿಯನ್ನು ಸಾಕ್ಷಿ ಕೇಳಿದ್ದೆನಲ್ಲ, ಸಾಕ್ಷಿ ಅವತ್ತೂ ನನ್ನ ಚೂಡಿದಾರದ ಜೇಬಿನಲ್ಲೇ ಇತ್ತು.

ಅಳಿಸಿಬಿಡುವುದಕ್ಕೆ ಒಂದು ಬೆರಳು ಸಾಕಿತ್ತು. ಅಳಿಸುವ ಗುರುತಿನ ಮೇಲೆ ಆ ಬೆರಳು ಹೋಗಿತ್ತು ಎನ್ನುವುದನ್ನೂ ಬರೆಯಬೇಕು.

ಫೋನನ್ನು ಅಪ್ಪನ ಕೈಗೆ ಕೊಟ್ಟೆ. ಹೇಳಿದೆ. ಅಪ್ಪ ಫೋಟೋ ನೋಡಿದ, ತುಳಸಿಕಟ್ಟೆ ನೋಡಿದ. ಬೈಯುತ್ತಾನೆ ಅಂತ ಕಾದೆ. ಬೈದಿದ್ದರೆ ಅದಕ್ಕೂ ಏನಾದರೂ ಉತ್ತರ ಹುಟ್ಟಿಬಿಡುತ್ತಿತ್ತು, ನನ್ನ ಬಾಯಿ ಅಂಥದ್ದು. ಅವನು ಫೋನನ್ನು ನನ್ನ ಮಡಿಲಿಗೆ ಇಟ್ಟು, "ನಂಗೆ ಹೇಳಿ ಏನು ಮಾಡ್ತೀಯ. ಅಲ್ಲಿ ಹೇಳು. ಬೆಳಿಗ್ಗೆ ಹೋಗಾಣ" ಅಂದ.

ಬೆಳಗಾಗುವ ತನಕ ಭಾಷಣ ಸಿದ್ಧ ಮಾಡಿದೆ. ಆರಂಭ, ಮೂರು ಅಂಶ, ಮುಕ್ತಾಯ. ತಪ್ಪೊಪ್ಪಿಗೆಯಲ್ಲೂ ಚಪ್ಪಾಳೆ ಗಿಟ್ಟಿಸುವ ಹಾಗೆ. ಶೆಡ್ಡಿನ ಮುಂದೆ ಇಳಿದಾಗ ಬೆಂಚಿನ ಮೇಲೆ ಮಂಡಕ್ಕಿ ತಿನ್ನುತ್ತ ಇದ್ದದ್ದು ಇಬ್ಬರೇ ಡ್ರೈವರುಗಳು. ಅವತ್ತು ತೊಡೆ ತಟ್ಟಿದವನು ಅವರಲ್ಲಿ ಒಬ್ಬ. ಮೇಸ್ತ್ರಿ ಯಾವುದೋ ಮೋಪೆಡ್ಡಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಜೀಪಿನ ಮೇಸ್ತ್ರಿ, ಮೋಪೆಡ್ಡಿನ ಚೈನಿಗೆ. ಮೂರೂ ಅಂಶಗಳು ಮರೆತುಹೋದವು.

"ಹಬ್ ಬಿಚ್ಚಿದ್ದು ನಾನು. ಗೆರೆ ಒರೆಸಿದ್ದೂ ನಾನೇ" ಅಂದೆ. ಫೋನ್ ಚಾಚಿದೆ.

ಡ್ರೈವರು ಮೆಣಸಿನಕಾಯಿಯ ಎಣ್ಣೆ ಕೈಯಲ್ಲೇ ತೆಗೆದುಕೊಂಡ. ನೋಡಿದ. ಪಕ್ಕದವನಿಗೆ ತೋರಿಸಿದ. ಇಬ್ಬರೂ ಅಪ್ಪನ ಮುಖ ನೋಡಿದರು. ಅಪ್ಪ ಜೀಪಿನ ಬಾನೆಟ್ಟನ್ನು ನೋಡುತ್ತಿದ್ದ.

"ಅವತ್ತು ಅಷ್ಟು ಮಾತಾಡ್ದಲ್ಲವ್ವ," ಅಂದ ಡ್ರೈವರು, "ಇದೊಂದು ಮಾತು ಹೇಳಾಕೆ ಏನಾಗಿತ್ತು?"

ಯಾವ ತೀರ್ಪುಗಾರನೂ ಕೇಳದ ಪ್ರಶ್ನೆ. ಸೋಲುವ ಭಯ ಅನ್ನಬಹುದು. ಆದರೆ ನನ್ನ ಎದುರಿಗಿದ್ದವರು ಸ್ಪರ್ಧಿಯೇ ಅಲ್ಲ. ಅವರು ಕೇಳಿದ್ದು ಗೆರೆ ಎಲ್ಲಿ ಅಂತ, ಅಷ್ಟೇ.

ಮೇಸ್ತ್ರಿ ಕೈ ಒರೆಸಿಕೊಂಡು ಫೋನ್ ಇಸಿದುಕೊಂಡರು. ಕನ್ನಡಕ ಹುಡುಕಿ ಹಾಕಿಕೊಂಡರು. "ದೊಡ್ಡದು ಮಾಡು" ಅಂದರು. ಮಾಡಿದೆ. ತಮ್ಮ ನಟ್ಟನ್ನು, ತಮ್ಮ ಕಿವಿ ಮಡಿಕೆಯನ್ನು, ಬಹಳ ಹೊತ್ತು ನೋಡಿದರು.

"ಮೂರನೇ ಗೆರೆ ಸ್ವಲ್ಪ ಓರೆ ಬಿದ್ದೈತೆ" ಅಂದರು.

ಇಷ್ಟೇ. ಕ್ಷಮಿಸಿದೆ ಅನ್ನಲಿಲ್ಲ, ಹಾಳಾಗಿ ಹೋಗು ಅನ್ನಲೂ ಇಲ್ಲ. ನಾನು ಸುಮ್ಮನಿರಲಾರದೆ ಕೇಳಿದೆ. ಈ ಸಲ ನಿಜವಾಗಿ ಕೇಳಿದೆ.

"ಗುರುತಿಗೆ ಒಂದು ಗೆರೆ ಸಾಕಲ್ವಾ ಮೇಸ್ತ್ರಿ? ಮೂರು ಯಾಕೆ?"

ಅವರು ತಮ್ಮ ಬಲಗೈಯ ಮೂರು ಬೆರಳನ್ನು, ಹಣೆಗೆ ಎಳೆದುಕೊಳ್ಳುವ ಹಾಗೆ, ಗಾಳಿಯಲ್ಲಿ ಎಳೆದರು. "ಕೈಗೆ ಹಿಂಗೇ ಬರ್ತದೆ. ಬೆಳಿಗ್ಗೆ ಎದ್ದು ಇದೇ ಮಾಡ್ತೀನಲ್ಲ."

ಬಲಗಡೆಯ ಹಬ್ಬಿಗೆ ಗ್ರೀಸ್ ಆಗುವುದು ಬಾಕಿ ಇತ್ತು. ಮೇಸ್ತ್ರಿ ಗೋಣಿಚೀಲ ಹಾಸಿ, ಒಂದೊಂದೇ ಬಿಚ್ಚಿದರು. ಬಿಚ್ಚಿ, ತೊಳೆದು, ತುಂಬಿ, ಜೋಡಿಸುವ ಹೊತ್ತಿಗೆ ಎಂದಿನಂತೆ ಅಪ್ಪ ಎದ್ದ. ಮೇಸ್ತ್ರಿ ಕೈ ಅಡ್ಡ ಹಿಡಿದು ನನ್ನ ಕಡೆ ನೋಡಿದರು. "ನೀನು ಬಾ."

ಚಕ್ರ ಹಿಡಿದೆ. "ನಿಲ್ಲಿಸ್ಬ್ಯಾಡ" ಅಂದರು. ಮೊದಲು ಸಲೀಸಾಗಿ ತಿರುಗಿದ್ದು ನಟ್ಟು ಬಿಗಿಯಾಗುತ್ತ ಹೋದಂತೆ ಕೈಗೆ ಭಾರವಾಗುತ್ತ ಬಂತು. ಒಳಗೆ ಉರುಳೆಗಳು ಒಂದೊಂದಾಗಿ ಜಾಗ ಹಿಡಿದು ಕೂರುವುದು ಅಂಗೈಗೆ ತಿಳಿಯುತ್ತಿತ್ತು. ಅವರ ಎಣಿಕೆ ಕೇಳಿಸಲಿಲ್ಲ. ನಾನೇ ಎಣಿಸಿದೆ, ಮನಸ್ಸಿನಲ್ಲಿ. ಇಪ್ಪತ್ತೊಂದಕ್ಕೆ ಅವರು ಪಾನಾ ತೆಗೆದರು.

ಕಿವಿ ಮಡಿಸಿದ ಮೇಲೆ ಪೆಟ್ರೋಲಿನ ಬಟ್ಟೆಯಲ್ಲಿ ನಟ್ಟಿನ ಮುಖ ಒರೆಸಿದರು. ನಾನು ಎದ್ದು, ಕಿಟಕಿಯ ಗೂಡಿನಲ್ಲಿದ್ದ ಆ ಡಬ್ಬಿ ತಂದು ಅವರ ಪಕ್ಕ ಇಟ್ಟೆ. ಮೇಲೆ ಧೂಳು ಕೂತಿತ್ತು. ಅವರು ಅದನ್ನು ಮುಟ್ಟಲಿಲ್ಲ. ಜೇಬಿನಿಂದ ಸಣ್ಣದೊಂದು ಬಿಳಿ ಪೇಂಟಿನ ಬಾಟಲಿ ತೆಗೆದರು. ಮುಚ್ಚಳಕ್ಕೇ ಬ್ರಶ್ಶು ಇರುವಂಥದ್ದು, ಹೊಸದು. ನಟ್ಟಿನ ಮೇಲೆ ನೆಟ್ಟಗೆ ಒಂದೇ ಒಂದು ಗೆರೆ ಎಳೆದು, ಒಣಗಲೆಂದು ಊದಿದರು.

"ವಿಭೂತಿ ಯಾಕೆ ಬೇಡ ಮೇಸ್ತ್ರಿ?"

"ಜನ ನಗ್ತಾರವ್ವ" ಅಂದರು. ಕ್ಯಾಪ್ ಮುಚ್ಚಿ, ಆರು ಬೋಲ್ಟು ಬಿಗಿ ಮಾಡಿ, ಅಪ್ಪನ ಕಡೆ ತಿರುಗಿದರು. "ಫೋಟೋ ಹೊಡ್ಕಂಡ್ಯೇನಲೇ?"

ಅಪ್ಪ ಇಲ್ಲ ಅಂದ. ಫೋಟೋಗೆ ಇನ್ನೊಮ್ಮೆ ಬಿಚ್ಚುತ್ತೇನೆ ಅಂತ ಅವರೂ ಅನ್ನಲಿಲ್ಲ.